ಕಾರಾಪುರದ ಹುಡುಗ ನಮ್ಮ ಥಿಯೇಟರಿಗೆ ಯಾವಾಗ ಬರ್ತಾನೆ?

2025ರ ಫೆಬ್ರವರಿಯಲ್ಲಿ ‘ಇಂಟರ್‌ಸ್ಟೆಲ್ಲಾರ್’ ಮತ್ತೆ ಥಿಯೇಟರಿಗೆ ಬಂತಲ್ಲ, ಆಗ ನಾವು ನಾಲ್ವರು ಹಾಸ್ಟೆಲ್ ಹುಡುಗರು ಮೈಸೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ನೋಡಿ ಬಂದೆವು. ನಾನು ಹುಣಸೂರಿನವನು. ಒಬ್ಬ ಕೆ.ಆರ್. ನಗರದವನು, ಇನ್ನಿಬ್ಬರು ಪಿರಿಯಾಪಟ್ಟಣದವರು. ಅದು 2014ರ ಸಿನಿಮಾ. ಮೊಬೈಲಿನಲ್ಲಿ ಎರಡೆರಡು ಸಲ ನೋಡಿಯಾಗಿತ್ತು. ಕಥೆ ಗೊತ್ತು, ಕೊನೆಯೂ ಗೊತ್ತು. ಆದರೂ ವಾರದ ಮೆಸ್ ಬಿಲ್‌ನಷ್ಟು ದುಡ್ಡು ಕೊಟ್ಟು ದೊಡ್ಡ ಪರದೆಯ ಮುಂದೆ ಕುಳಿತೆವು. ಅಲೆ ಎದ್ದು ಬರುವ ದೃಶ್ಯದಲ್ಲಿ ಪಕ್ಕದಲ್ಲಿದ್ದ ಕೆ.ಆರ್. ನಗರದ ಗೆಳೆಯ ನನ್ನ ಕೈ ಹಿಡಿದುಕೊಂಡಿದ್ದ. ಆಮೇಲೆ ಅದನ್ನು ಅವನು ಒಪ್ಪಲಿಲ್ಲ, ಅದು ಬೇರೆ ಮಾತು.

ಈಗ ಹಳೆಯ ಸಿನಿಮಾಗಳು ತಿರುಗಿ ಬರುವ ಕಾಲ. 2023ರಲ್ಲಿ ‘ಟೈಟಾನಿಕ್’ ಮತ್ತೆ ಬಂತು. ನಮ್ಮ ‘ಎ’, ‘ಜಾಕಿ’, ‘ಅಪ್ಪು’ ಕೂಡ ಬಂದವು, ಜನ ಪಟಾಕಿ ಹೊಡೆದು ಬರಮಾಡಿಕೊಂಡರು. ಇಂಗ್ಲಿಷ್ ಸಿನಿಮಾಗಳಿಗೆ ಪಟಾಕಿ ಇಲ್ಲ, ಅಷ್ಟೇ. ನಮ್ಮ ಕ್ಲಾಸಿನಲ್ಲಿ ಯಾವ ಹಾಲಿವುಡ್ ಚಿತ್ರ ಯಾವ ವಾರ ರೀ ರಿಲೀಸ್ ಎಂದು ಕ್ಯಾಲೆಂಡರ್ ಇಟ್ಟುಕೊಂಡವರೇ ಇದ್ದಾರೆ.

ಮುಂದಿನ ಭಾನುವಾರ ತಾತನ ಮನೆಗೆ ಹೋಗಿದ್ದೆ. ಅಮ್ಮನ ಅಪ್ಪ. ಎಚ್.ಡಿ. ಕೋಟೆ ಹ್ಯಾಂಡ್‌ಪೋಸ್ಟ್‌ನಿಂದ ಸ್ವಲ್ಪ ಒಳಗೆ ಅವರ ಮನೆ. ಹುಟ್ಟೂರು ಅದಲ್ಲ. ಹುಟ್ಟೂರು ಕಬಿನಿ ದಡದಲ್ಲಿತ್ತು, 1974ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ಹೊಲ, ಗುಡಿ ಎಲ್ಲ ಹಿನ್ನೀರಿನ ಕೆಳಗೆ ಹೋಯಿತು. ಇಂಗ್ಲಿಷ್ ಸಿನಿಮಾ ನೋಡಲು ಬೆಂಗಳೂರಿಗೆ ಹೋಗಿದ್ದೆ ಎಂದಾಗ ತಾತ ಎಲೆ ಅಡಿಕೆ ಮಡಚುತ್ತಾ, ನಮ್ಮ ಕಾಡಿನಲ್ಲೇ ಇಂಗ್ಲಿಷ್ ಸಿನಿಮಾ ತೆಗೆದಿದ್ದರು, ಅದರ ಹೀರೊ ಕಾರಾಪುರದ ಮಾವುತನ ಮಗ ಅಂದರು. ಅವರಪ್ಪ, ಅಂದರೆ ನನ್ನ ಮುತ್ತಾತ, ಖೆಡ್ಡಾದಲ್ಲಿ ತಮಟೆ ಹೊಡೆಯುವವರ ಜೊತೆ ಹೋಗುತ್ತಿದ್ದರಂತೆ, ದೊರೆಗಳು ಕ್ಯಾಮೆರಾ ಹೊತ್ತು ತಿರುಗುವುದನ್ನು ನೋಡಿದ್ದರಂತೆ. ನಾನು ನಕ್ಕುಬಿಟ್ಟೆ. ತಾತ ಯಾವುದೋ ‘ಟಾರ್ಜಾನ್’ ಸಿನಿಮಾ ಜೊತೆ ಕಲಸಿಕೊಂಡಿದ್ದಾರೆ ಅಂದುಕೊಂಡೆ.

ರಾತ್ರಿ ಬಸ್ಸಿನಲ್ಲಿ ಫೋನ್ ತೆಗೆದು ಹುಡುಕಿದೆ. ಮೈಸೂರು ಬರುವಷ್ಟರಲ್ಲಿ ಸುಮ್ಮನಾಗಿದ್ದೆ.

ಅವನ ಹೆಸರು ಸಾಬು. 1924ರ ಜನವರಿ 27ರಂದು ಕಾರಾಪುರದಲ್ಲಿ ಹುಟ್ಟಿದ. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ವಯಸ್ಸಿನ ಲೆಕ್ಕದಲ್ಲಿ ನಮ್ಮ ತಾತನಿಗಿಂತಲೂ ತುಂಬಾ ಹಿರಿಯ, ಆದರೂ ನನಗೆ ಅವನು ಎಂದೇ ಬಾಯಿಗೆ ಬರುತ್ತದೆ. ಯಾಕೆಂದರೆ ನಾನು ಅವನನ್ನು ಮೊದಲು ನೋಡಿದ್ದು ಹನ್ನೆರಡು ವರ್ಷದ ಹುಡುಗನಾಗಿ. ತಾಯಿ ಮೊದಲೇ ಹೋಗಿದ್ದಳು, ತಂದೆಯೂ ಅವನು ಚಿಕ್ಕವನಿರುವಾಗಲೇ ತೀರಿಹೋದ. ಹುಡುಗ ಅರಮನೆಯ ಆನೆ ಲಾಯದ ಆಸರೆಯಲ್ಲಿ ಬೆಳೆದ. ಶಾಲೆಯಿಲ್ಲ, ಆಸ್ತಿಯಿಲ್ಲ. ಗೊತ್ತಿದ್ದದ್ದು ಆನೆ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕ ಮೈಸೂರಿಗೆ ಬಂದ. ಹಿಮದ ನಾಡಿನ ಬೇಟೆಗಾರನ ಬದುಕಿನ ಮೇಲೆ 1922ರಲ್ಲಿ ‘ನನೂಕ್ ಆಫ್ ದ ನಾರ್ತ್’ ತೆಗೆದು ಜಗತ್ತಿಗೆಲ್ಲ ಗೊತ್ತಾಗಿದ್ದವನು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ, ಕಿಪ್ಲಿಂಗ್ ಬರೆದ ‘ಜಂಗಲ್ ಬುಕ್’ನ ಒಂದು ಆನೆ ಕಥೆಯನ್ನು ಸಿನಿಮಾ ಮಾಡಲು ಅವನನ್ನು ಕಳಿಸಿದ್ದ. ಆಗ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಿತ್ರತಂಡಕ್ಕೆ ಇಳಿದುಕೊಳ್ಳಲು ಚಿತ್ತರಂಜನ್ ಮಹಲ್ ಬಿಟ್ಟುಕೊಟ್ಟರು, ಆನೆಗಳನ್ನೂ ಕೊಟ್ಟರು. ಈ ಮಹಲ್ ಯಾವುದು ಗೊತ್ತೇ? ಮುಂದೆ ಪ್ರೀಮಿಯರ್ ಸ್ಟುಡಿಯೋ ಆಗಿ ಈಗ ಗ್ರೀನ್ ಹೋಟೆಲ್ ಆಗಿರುವುದು. ಹುಣಸೂರಿನಿಂದ ಮೈಸೂರಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಅದನ್ನು ನಾನು ಎಷ್ಟು ಸಲ ನೋಡಿಲ್ಲ! ಯಾವತ್ತೂ ಏನೂ ಅನಿಸಿರಲಿಲ್ಲ.

ನಾಯಕ ಬೇಕಿತ್ತು. ಫ್ಲಾಹರ್ಟಿಯ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಲಾಯದ ಹುಡುಗ ಬಿದ್ದ. ಬಯೋಡೇಟಾ ಇಲ್ಲ, ಆಡಿಷನ್‌ಗೆಂದು ಊರಿಂದ ಬಂದವನಲ್ಲ, ಇಂಗ್ಲಿಷ್ ಬಾರದು. ಆನೆಯ ಕಿವಿಯ ಹಿಂದೆ ಕಾಲು ಸಿಕ್ಕಿಸಿ ಕತ್ತಿನ ಮೇಲೆ ಕುಳಿತರೆ ಮಾತ್ರ ಅಲ್ಲೇ ಹುಟ್ಟಿದವನಂತೆ ಕಾಣುತ್ತಿದ್ದ. ಪ್ಲೇಸ್‌ಮೆಂಟಿಗೆ ಓದುತ್ತಿರುವ ನನ್ನಂಥವನಿಗೆ ಈ ಭಾಗ ಓದಿದಾಗ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಮುಂದೆ ಓದಿದ ಹಾಗೆ ಅದು ಇಳಿಯಿತು.

ಫ್ಲಾಹರ್ಟಿಗೆ ಅವಸರವಿರಲಿಲ್ಲ. ಕಾಕನಕೋಟೆಯ ಕಾಡು, ಕಬಿನಿ ಹೊಳೆ, ಖೆಡ್ಡಾ, ಆನೆಗಳ ಹಿಂಡು ಎಲ್ಲವನ್ನೂ ತಿಂಗಳುಗಟ್ಟಲೆ ಚಿತ್ರಿಸುತ್ತಾ ಹೋದ. ಖೆಡ್ಡಾ ಅಂದರೆ ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿ, ಕೂಗಿನಿಂದ ಬೆದರಿಸಿ ಹೊಳೆಯತ್ತ ಅಟ್ಟಿ, ದಿಮ್ಮಿಗಳ ದೊಡ್ಡಿಗೆ ತುಂಬಿ ಹಿಡಿಯುವ ವಿಧಾನ. ನಮ್ಮಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ತಾತ ಅದನ್ನು ನೋಡಿದ್ದಾರೆ. ಅದರ ಬಗ್ಗೆ ಕೇಳಿದರೆ ಗದ್ದಲದ ಬಗ್ಗೆ ಹೇಳುತ್ತಾರೆ, ಹಿಡಿದ ಮೇಲೆ ಮರಿಗಳು ಕೂಗುತ್ತಿದ್ದುದರ ಬಗ್ಗೆ ಹೇಳಿ ನಿಲ್ಲಿಸಿಬಿಡುತ್ತಾರೆ.

ದುಡ್ಡು ಸುರಿಯುತ್ತಿದ್ದ ಕೊರ್ಡಾಗೆ ತಾಳ್ಮೆ ಕೆಟ್ಟಿತು. ತಮ್ಮ ಜೋಲ್ಟನ್ ಕೊರ್ಡಾನನ್ನು ಕಳಿಸಿದ, ಕೊನೆಗೆ ಎಲ್ಲರನ್ನೂ ಲಂಡನ್ನಿಗೆ ವಾಪಸ್ ಕರೆಸಿದ. ಜೊತೆಗೆ ಹುಡುಗನೂ ಹೋದ. ಅಣ್ಣ ಶೇಖ್ ದಸ್ತಗೀರ್ ಕಾವಲಿಗೆ. ಅಣ್ಣನ ಹೆಸರೇ ಕಾಗದಪತ್ರಗಳಲ್ಲಿ ತಮ್ಮನ ಹೆಸರಿಗೂ ಅಂಟಿಕೊಂಡು ಹೊರಗಿನ ಜಗತ್ತಿಗೆ ಅವನು ಸಾಬು ದಸ್ತಗೀರ್ ಆದ. ದಾಖಲೆಯಲ್ಲಿ ಒಂದಕ್ಷರ ತಪ್ಪಾಗಿ ಆಫೀಸು ಆಫೀಸು ಅಲೆದವರಿಗೆ ಇದರ ಕಷ್ಟ ಗೊತ್ತು. ಅವನು ಅಲೆಯಲಿಲ್ಲ, ಆ ಹೆಸರಿನಲ್ಲೇ ಬದುಕಿದ.

ಉಳಿದ ಭಾಗವನ್ನು ಡೆನ್ಹಾಮ್ ಸ್ಟುಡಿಯೋದಲ್ಲಿ ಮುಗಿಸಿದರು. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಿಡುಗಡೆಯಾಯಿತು. ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಜೋಲ್ಟನ್‌ಗೆ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಬಂತು. ಕಪ್ಪು ಬಿಳುಪು, ಸುಮಾರು ಎಂಬತ್ತು ನಿಮಿಷ. ಕಾಡಿನ ಭಾಗ ಅಪ್ಪಟ, ಸ್ಟುಡಿಯೋ ಭಾಗ ಕಣ್ಣಿಗೆ ಹೊಡೆಯುತ್ತದೆ. ಬಿಳಿಯ ಸಾಹೇಬ ಕಾಡಿನ ಬುದ್ಧಿವಂತ, ನಮ್ಮವರು ಅವನ ಹಿಂದೆ ಹಿಂದೆ, ಇದೂ ಹೊಡೆಯುತ್ತದೆ. ಆದರೆ ಆ ಹುಡುಗ ನಕ್ಕರೆ ಉಳಿದ ಯಾರೂ ಪರದೆಯ ಮೇಲೆ ಇರುವುದೇ ಇಲ್ಲ.

ಎರಡನೇ ಚಿತ್ರ ‘ದ ಡ್ರಮ್’, 1938. ಬಣ್ಣದ್ದು. ವಾಯವ್ಯ ಗಡಿನಾಡಿನ ರಾಜಕುಮಾರನ ಪಾತ್ರ, ಅಂದರೆ ಬ್ರಿಟಿಷರಿಗೆ ನಿಷ್ಠನಾದ ಒಳ್ಳೆಯ ರಾಜಕುಮಾರ. ಅವರ ವಿರುದ್ಧ ಎದ್ದವನು ಖಳ. ನಮ್ಮಲ್ಲಿ ಸ್ವಾತಂತ್ರ್ಯದ ಹೋರಾಟ ನಡೆಯುತ್ತಿದ್ದ ಕಾಲ, ಜನ ಸುಮ್ಮನಿರುತ್ತಾರೆಯೇ? ಬೊಂಬಾಯಿಯಲ್ಲಿ ದೊಡ್ಡ ಪ್ರತಿಭಟನೆಯಾಯಿತು, ಮದ್ರಾಸಿನಲ್ಲೂ ಆಯಿತು, ಪ್ರದರ್ಶನ ನಿಲ್ಲಿಸಬೇಕಾಯಿತು. ನಾನಾಗಿದ್ದರೂ ಪ್ರತಿಭಟಿಸುವವರ ಜೊತೆಯೇ ಇರುತ್ತಿದ್ದೆ. ಆದರೆ ಸ್ಕ್ರಿಪ್ಟ್ ಬರೆದವನು ಹದಿನಾಲ್ಕು ವರ್ಷದ ಸಾಬು ಅಲ್ಲ. ಅಲ್ಲಿನವರಿಗೆ ಅವನು ಭಾರತದ ಮುಖ, ಭಾರತದಲ್ಲಿ ಅವನು ಅಲ್ಲಿನವರ ಹುಡುಗ. ಈ ಇಕ್ಕಟ್ಟು ಅವನನ್ನು ಕೊನೆಯವರೆಗೂ ಬಿಟ್ಟಂತೆ ಕಾಣುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು 1940ರ ‘ದ ಥೀಫ್ ಆಫ್ ಬಾಗ್ದಾದ್’. ಇದರಲ್ಲಿ ಸಾಬು ಅಬು ಎಂಬ ಕಳ್ಳ. ಯಾರ ಸೇವಕನೂ ಅಲ್ಲ, ರಾಜನನ್ನೇ ಕಾಪಾಡುವವನು. ಇಂಗ್ಲೆಂಡಿನಲ್ಲಿ ಶುರುವಾದ ಶೂಟಿಂಗ್ ಯುದ್ಧದಿಂದ ನಿಂತು ಅಮೆರಿಕದಲ್ಲಿ ಮುಗಿಯಿತು. ಛಾಯಾಗ್ರಹಣ, ಕಲಾ ನಿರ್ದೇಶನ, ಸ್ಪೆಷಲ್ ಎಫೆಕ್ಟ್ಸ್‌ಗೆ ಮೂರು ಆಸ್ಕರ್ ಬಂದವು. ಎಂಜಿನಿಯರಿಂಗ್ ಓದುವವರು ಇದನ್ನು ನೋಡಲೇಬೇಕು. ಹುಡುಗ ಸೀಸೆಯ ಬಿರಡೆ ತೆಗೆದರೆ ಬೆಟ್ಟದಷ್ಟು ಎತ್ತರದ ಭೂತ ಎದ್ದು ನಿಲ್ಲುತ್ತದೆ. ಭೂತದ ಪಾದದ ಬಳಿ ಸಾಬು ಇರುವೆಯ ಹಾಗೆ. ಕಂಪ್ಯೂಟರ್ ಇಲ್ಲದ ಕಾಲ! ಲ್ಯಾರಿ ಬಟ್ಲರ್ ಎಂಬ ತಂತ್ರಜ್ಞ ನಟರನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ ಚಿತ್ರಿಸಿ, ಟೆಕ್ನಿಕಲರ್‌ನಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ಫಿಲ್ಮಿನಲ್ಲಿ ದಾಖಲಾಗುವುದನ್ನೇ ಬಳಸಿಕೊಂಡು ನೀಲಿಯನ್ನು ಕಳೆದು, ಅಲ್ಲಿ ಬೇರೆ ದೃಶ್ಯ ಕೂರಿಸಿದ. ಇವತ್ತಿನ ಹಸಿರು ಪರದೆಗೆ ಅದು ಮುತ್ತಾತ. ಸೂಪರ್‌ಹೀರೋಗಳು ಆಕಾಶದಲ್ಲಿ ಹಾರುವುದಕ್ಕೆ ದಾರಿ ಮಾಡಿಕೊಟ್ಟ ಚಿತ್ರದ ನಡುವೆ ನಮ್ಮ ಕೋಟೆ ತಾಲ್ಲೂಕಿನ ಹುಡುಗ ನಿಂತಿದ್ದಾನೆ.

1942ರಲ್ಲಿ ಜೋಲ್ಟನ್ ಕೊರ್ಡಾ ಅವನನ್ನೇ ಹಾಕಿಕೊಂಡು ‘ಜಂಗಲ್ ಬುಕ್’ ಮಾಡಿದ. ಡಿಸ್ನಿಯ ಕಾರ್ಟೂನ್ ಬರುವುದಕ್ಕೆ 25 ವರ್ಷ ಮೊದಲಿನ ಮೌಗ್ಲಿ. ಆಮೇಲೆ ಯೂನಿವರ್ಸಲ್ ಸ್ಟುಡಿಯೋದವರು ಒಪ್ಪಂದ ಮಾಡಿಕೊಂಡು ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಎಂದು ಸಾಲಾಗಿ ತೆಗೆದರು. ಹೀರೊ ಜಾನ್ ಹಾಲ್, ಹೀರೋಯಿನ್ ಮರಿಯಾ ಮಾಂಟೆಜ್, ಸಾಬು ಹೀರೋನ ಗೆಳೆಯ. ಬಣ್ಣ ಬಣ್ಣದ ಸೆಟ್ಟು, ಪೇಟ, ಬರಿ ಮೈ. ಇವುಗಳ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ.

1944ರ ಜನವರಿಯಲ್ಲಿ ಸಾಬು ಅಮೆರಿಕದ ಪ್ರಜೆಯಾದ. ಭಾರತೀಯರಿಗೆ ಅಲ್ಲಿ ಸಾಮಾನ್ಯವಾಗಿ ಪೌರತ್ವ ಸಿಗದಿದ್ದ ಕಾಲ. ಆ ಬಾಗಿಲು ತೆರೆದ ಲೂಸ್–ಸೆಲ್ಲರ್ ಕಾಯಿದೆ ಬಂದದ್ದೇ 1946ರಲ್ಲಿ. ಅದೇ ವರ್ಷ ಅವನು ವಾಯುಪಡೆಗೆ ಸೇರಿದ. ಸಿನಿಮಾ ನಟನೆಂದು ಪೋಸ್ಟರಿಗೆ ನಿಲ್ಲಿಸುವ ಕೆಲಸವಲ್ಲ. ಬಿ-24 ಲಿಬರೇಟರ್ ಬಾಂಬರ್ ವಿಮಾನದಲ್ಲಿ ಟೇಲ್ ಗನ್ನರ್, ಅಂದರೆ ವಿಮಾನದ ಬಾಲದ ತುದಿಯಲ್ಲಿ ಒಬ್ಬನೇ ಕುಳಿತು ಹಿಂದಿನಿಂದ ಬರುವ ಶತ್ರು ವಿಮಾನಕ್ಕೆ ಗುಂಡು ಹಾರಿಸುವುದು. ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಸಲ ಹಾರಿದ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಆಗ ಅವನಿಗೆ ಇಪ್ಪತ್ತು. ನನಗೂ ಈಗ ಇಪ್ಪತ್ತು. ನನ್ನ ಹೆಸರಿನಲ್ಲಿ ಸದ್ಯ ಗಣಿತದ ಒಂದು ಬ್ಯಾಕ್‌ಲಾಗ್ ಇದೆ.

ಯುದ್ಧ ಮುಗಿದು ಮರಳಿದಾಗ ಸಿನಿಮಾ ಬದಲಾಗಿತ್ತು, ಅವನೂ ಹುಡುಗನಾಗಿ ಉಳಿದಿರಲಿಲ್ಲ. 1947ರಲ್ಲಿ ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಮಾಡಿದ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಒಳ್ಳೆಯ ಪಾತ್ರ ಸಿಕ್ಕಿತು. ಹಿಮಾಲಯದ ಕಥೆ. ಚಿತ್ರತಂಡ ಹಿಮಾಲಯಕ್ಕೆ ಕಾಲಿಟ್ಟಿಲ್ಲ, ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲೇ ಚಿತ್ರ ಬರೆದು ಬೆಟ್ಟ ನಿಲ್ಲಿಸಿದರು. ಅದಕ್ಕೂ ಎರಡು ಆಸ್ಕರ್. ಅದಾದ ಮೇಲೆ ಮತ್ತೆ ಕಾಡು, ಮತ್ತೆ ಹುಲಿ. ‘ಮ್ಯಾನ್ ಈಟರ್ ಆಫ್ ಕುಮಾವ್’, ‘ಸಾಂಗ್ ಆಫ್ ಇಂಡಿಯಾ’. ಜಗತ್ತು ಅವನಿಗೆ ಒಂದೇ ಕೆಲಸ ಗೊತ್ತು ಎಂದು ತೀರ್ಮಾನಿಸಿಬಿಟ್ಟಿತ್ತು. ಮದುವೆಯಾದ ಮೇಲೆ 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೆ ಸರ್ಕಸ್‌ನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟ. ಎಲ್ಲಿ ಶುರುಮಾಡಿದ್ದನೋ ಅಲ್ಲಿಗೇ, ಆನೆಯ ಹತ್ತಿರಕ್ಕೇ. ಹೆಂಡತಿ ಮರಿಲಿನ್ ಕೂಪರ್ ನಟಿ. ಇಬ್ಬರು ಮಕ್ಕಳು. ಮಗ ಪಾಲ್ ರಾಕ್ ಸಂಗೀತಗಾರ, ಮಗಳು ಜಾಸ್ಮಿನ್ ಪ್ರಾಣಿಗಳನ್ನು ಪಳಗಿಸುವ ಕೆಲಸ ಹಿಡಿದಳು. ಕಾರಾಪುರದ ರಕ್ತ ಎಲ್ಲಿ ಹೋಗುತ್ತದೆ, ಅನಿಸಿತು.

ಅವನ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವೀಸಾದಂಥ ಸಂಗತಿ. 1950ರ ದಶಕದಲ್ಲಿ ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ ಮಾಡಲು ಹೊರಟಾಗ ಬಿರ್ಜು ಪಾತ್ರಕ್ಕೆ ಯೋಚಿಸಿದ್ದು ಸಾಬುವನ್ನು. ಅವನು ಬೊಂಬಾಯಿಗೆ ಬಂದ, ಕಾದ. ಅಮೆರಿಕದ ಪ್ರಜೆಯಾದ್ದರಿಂದ ಇಲ್ಲಿ ಕೆಲಸ ಮಾಡಲು ಪರವಾನಗಿ ಬೇಕಿತ್ತು. ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. 1957ರಲ್ಲಿ ಬಂದ ಆ ಚಿತ್ರ ಏನಾಯಿತೆಂದು ನಿಮಗೆಲ್ಲ ಗೊತ್ತು. ಸಾಬು ಒಂದೇ ಒಂದು ಭಾರತೀಯ ಸಿನಿಮಾದಲ್ಲೂ ನಟಿಸದೆ ಹೋದ. ನಮ್ಮ ಹಾಸ್ಟೆಲಿನಲ್ಲಿ ಹೊರದೇಶಕ್ಕೆ ಎಂ.ಎಸ್. ಮಾಡಲು ಹೋಗಬೇಕೆಂದು ಲೆಕ್ಕ ಹಾಕುವವರು ಬಹಳ. ಅಲ್ಲಿಗೆ ಹೋಗಲು ಏನೇನು ಕಾಗದ ಬೇಕು ಎಂಬುದು ಎಲ್ಲರಿಗೂ ಬಾಯಿಪಾಠ. ವಾಪಸ್ ಬಂದು ಕೆಲಸ ಮಾಡುವುದಕ್ಕೂ ಒಂದು ಕಾಗದ ಬೇಕಾಗಬಹುದು ಎಂದು ಯಾರೂ ಯೋಚಿಸಿದ್ದನ್ನು ನಾನು ಕಂಡಿಲ್ಲ.

ಅವನು ಕುಸಿದು ಕೂರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಜಮೀನು, ಮನೆಗಳ ವ್ಯವಹಾರ ಮಾಡಿದ. ಸಿಕ್ಕಾಗ ಸಣ್ಣ ಪಾತ್ರ ಮಾಡಿದ. 1960ರಲ್ಲಿ ಹಾಲಿವುಡ್ ರಸ್ತೆಯ ನಕ್ಷತ್ರಗಳ ಸಾಲಿನಲ್ಲಿ ಅವನ ಹೆಸರೂ ಸೇರಿತು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡ. ಮೂವತ್ತೊಂಬತ್ತು ವರ್ಷ. ಕೊನೆಯ ಚಿತ್ರ, ಡಿಸ್ನಿಯ ‘ಎ ಟೈಗರ್ ವಾಕ್ಸ್’, ಅವನು ಹೋದ ಮೇಲೆ 1964ರಲ್ಲಿ ತೆರೆಕಂಡಿತು. ಅದರಲ್ಲೂ ಹುಲಿ.

ಆದರೆ ಸಿನಿಮಾದಲ್ಲಿದ್ದವರು ಪೂರ್ತಿ ಸಾಯುವುದಿಲ್ಲ, ಯಾರಾದರೂ ಮತ್ತೆ ಹಾಕುವವರಿದ್ದರೆ. 2011ರಲ್ಲಿ ಅಮೆರಿಕದ ಕ್ರೈಟೀರಿಯನ್ ಕಂಪನಿಯವರು ಅವನ ಮೂರು ಚಿತ್ರಗಳನ್ನು ಒಂದು ಪೆಟ್ಟಿಗೆಯಲ್ಲಿ ತಂದರು. ಪೆಟ್ಟಿಗೆಯ ಹೆಸರೇ ‘ಸಾಬು’. 2023ರ ಕೊನೆಯಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಸಿನಿಮಾಗಳನ್ನು ಬ್ರಿಟನ್ನಿನ ಥಿಯೇಟರುಗಳಿಗೆ ಮರಳಿ ತಂದಾಗ ‘ಬ್ಲ್ಯಾಕ್ ನಾರ್ಸಿಸಸ್’ ಮತ್ತೆ ದೊಡ್ಡ ಪರದೆಯಲ್ಲಿ ಓಡಿತು. ಅಲ್ಲಿನ ಕಾಲೇಜು ಹುಡುಗರು ಟಿಕೆಟ್ ತೆಗೆದುಕೊಂಡು ಅವನನ್ನು ನೋಡಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹುಡುಗರಿಗೆ ಅವನ ಹೆಸರೇ ಗೊತ್ತಿಲ್ಲ. ನಮ್ಮ ನಾಲ್ವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಕಾರಾಪುರ ಎಂದರೆ ನಮಗೆ ಕಬಿನಿ ರೆಸಾರ್ಟು, ಸಫಾರಿ, ಕರಿಚಿರತೆಯ ಫೋಟೊ. ಅಷ್ಟೇ.

ಮುಂದಿನ ಸಲ ತಾತನ ಮನೆಗೆ ಹೋಗುವಾಗ ಲ್ಯಾಪ್‌ಟಾಪ್ ಒಯ್ದೆ. ನಡುಮನೆಯಲ್ಲಿ ಸ್ಟೂಲಿನ ಮೇಲಿಟ್ಟು ‘ಎಲಿಫೆಂಟ್ ಬಾಯ್’ ಹಾಕಿದೆ. ಶುರುವಿನಲ್ಲೇ ಸಾಬು ನೇರ ನಮ್ಮನ್ನು ನೋಡಿ ಮಾತನಾಡುತ್ತಾನೆ. ತಾತನಿಗೆ ಇಂಗ್ಲಿಷ್ ಬಾರದು, ಆದರೆ ಯಾರೋ ಮನೆಗೆ ಬಂದವರನ್ನು ನೋಡುವ ಹಾಗೆ ನೋಡಿದರು. ಆನೆಯ ಮೇಲೆ ಕುಳಿತ ರೀತಿ ನೋಡಿ ಇವನು ಕಲಿತು ಕುಳಿತವನಲ್ಲ ಅಂದರು. ಸಾಹೇಬರ ದೃಶ್ಯ ಬಂದಾಗ ಎದ್ದು ಹೋಗಿ ನೀರು ಕುಡಿದು ಬಂದರು.

ಆಮೇಲೆ ಹೊಳೆ ಬಂತು.

ಅಣೆಕಟ್ಟಿಲ್ಲದ, ಹರಿಯುತ್ತಿರುವ ಹೊಳೆ. ನಾನು ಹುಟ್ಟಿದಾಗಿನಿಂದ ನೋಡಿರುವುದು ನಿಂತ ನೀರು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಲ್ಲಿ ಒಣಮರದ ಬೊಡ್ಡೆಗಳು ಮೇಲೆ ಬರುತ್ತವಲ್ಲ, ಅದು. ಇಲ್ಲಿ ಎರಡೂ ದಡದಲ್ಲಿ ಮರಗಳು ನಿಂತಿದ್ದವು, ನಡುವೆ ನೀರು ಓಡುತ್ತಿತ್ತು, ಆನೆಗಳು ದಾಟುತ್ತಿದ್ದವು. ತಾತ ನಿಲ್ಲಿಸು ಅಂದರು. ನಿಲ್ಲಿಸಿದೆ. ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮುಂದೂಡುತ್ತಲೇ ಇದ್ದಾರೆ. ಬೆರಳಿನಿಂದ ಪರದೆಯ ಎಡಗಡೆಯ ದಡ ಮುಟ್ಟಿ, ಇದು ಮಾಸ್ತಿಗುಡಿ ಕಡೆಯದ್ದಿರಬೇಕು ಅಂದರು. ಸ್ವಲ್ಪ ಹೊತ್ತು ಬಿಟ್ಟು, ಅಲ್ಲವೇನೋ ಅಂದರು. ಚಿತ್ರ ಅಂಗೈಯಗಲ, ಮಬ್ಬು. ಹಿಗ್ಗಿಸಿದೆ, ಇನ್ನೂ ಮಬ್ಬಾಯಿತು. ಥಿಯೇಟರಿನಲ್ಲಿ ಹಾಕಿದರೆ ದಡ ಪೂರ್ತಿ ಕಾಣುತ್ತದಾ ಎಂದು ಕೇಳಿದರು. ಅವರ ಊರು ಅದೇ ದಡದಲ್ಲಿ ಮುಂದಕ್ಕಿತ್ತು. ಅದರ ಒಂದು ಫೋಟೊ ಕೂಡ ನಮ್ಮ ಮನೆಯಲ್ಲಿಲ್ಲ.

ಹೋದ ವಾರ ನಾನು ಮತ್ತು ಕೆ.ಆರ್. ನಗರದ ಗೆಳೆಯ ನಮ್ಮ ಕಡೆಯ ಒಂದು ಥಿಯೇಟರಿನ ಮ್ಯಾನೇಜರನ್ನು ಕಂಡೆವು. ಹಳೇ ಕಪ್ಪು ಬಿಳುಪು ಇಂಗ್ಲಿಷ್ ಪಿಕ್ಚರಿಗೆ ಯಾರು ಬರುತ್ತಾರೆ ಎಂದು ಅವರು ಮೊದಲು ನಕ್ಕರು. ಕಾರಾಪುರ ಎಂದ ಮೇಲೆ ಕುಳಿತುಕೊಳ್ಳಲು ಹೇಳಿದರು. ಚಿತ್ರದ ಹಕ್ಕು ಯಾರ ಹತ್ತಿರ ಇದೆಯೋ ಅವರಿಂದ ಅನುಮತಿ ಪತ್ರ ತನ್ನಿ, ಜೊತೆಗೆ ನೂರು ಜನ ಬರುತ್ತಾರೆಂದು ಖಾತ್ರಿ ಮಾಡಿ, ಒಂದು ಭಾನುವಾರದ ಬೆಳಗಿನ ಆಟ ಕೊಡುತ್ತೇನೆ ಅಂದರು. ಇಮೇಲ್ ಬರೆದು ಕಳಿಸಿದ್ದೇವೆ, ಉತ್ತರ ಬಂದಿಲ್ಲ. ಹೆಸರುಗಳ ಪಟ್ಟಿ ನನ್ನ ಲ್ಯಾಬ್ ರೆಕಾರ್ಡಿನ ಹಿಂದಿನ ಪುಟದಲ್ಲಿದೆ. ನಿನ್ನೆಗೆ ಮೂವತ್ತೊಂದಾಗಿದೆ. ಮೊದಲನೆಯದು ತಾತನದು. ಕಣ್ಣಿನ ಆಪರೇಷನ್‌ಗೆ ಒಪ್ಪಿಕೊಂಡಿದ್ದಾರೆ.